ದಿ ಥರ್ಡ್ ಮ್ಯಾನ್: ಕತ್ತಲನ್ನೇ ಕೆತ್ತಿದ ಛಾಯಾಗ್ರಹಣ

ಕಪ್ಪು ಬಿಳುಪಿನಲ್ಲಿ ಕ್ಯಾಮೆರಾ ಏನೆಲ್ಲ ಮಾಡಬಲ್ಲದು ಎಂದು ತಿಳಿಯಲು ಕ್ಯಾರಲ್ ರೀಡ್ ನಿರ್ದೇಶನದ ‘ದಿ ಥರ್ಡ್ ಮ್ಯಾನ್’ (1949) ನೋಡಲೇಬೇಕು. ಕಥೆ ನಡೆಯುವುದು ಯುದ್ಧಾನಂತರ ನಾಲ್ಕು ದೇಶಗಳ ಸೇನೆ ಹಂಚಿಕೊಂಡಿದ್ದ ವಿಯೆನ್ನಾದಲ್ಲಿ. ಛಾಯಾಗ್ರಾಹಕ ರಾಬರ್ಟ್ ಕ್ರಾಸ್ಕರ್ ಅವರಿಗೆ ಆಸ್ಕರ್ ತಂದುಕೊಟ್ಟ ಚಿತ್ರವಿದು.

ರಾತ್ರಿಯ ಬೀದಿಗಳ ನೆಲ ಗಮನಿಸಿ, ಒದ್ದೆಯಾಗಿರುತ್ತದೆ. ಚಿತ್ರೀಕರಣಕ್ಕೆಂದೇ ಕಲ್ಲುಹಾಸಿಗೆ ನೀರು ಹಾಯಿಸಿದ್ದರು. ಒಣಕಲ್ಲು ಬೆಳಕನ್ನು ಎಲ್ಲ ಕಡೆ ಚೆದುರಿಸಿ ಮಂಕಾಗುತ್ತದೆ. ಒದ್ದೆ ಕಲ್ಲು ಬೀದಿಯ ಆ ತುದಿಯ ದೀಪವನ್ನು ಕ್ಯಾಮೆರಾದತ್ತಲೇ ಚಿಮ್ಮಿಸುತ್ತದೆ. ಒಂದೊಂದು ಕಲ್ಲಿನ ಅಂಚೂ ಬಿಡಿಬಿಡಿಯಾಗಿ ಹೊಳೆಯುತ್ತದೆ, ಅದರ ಮುಂದೆ ಓಡುವ ಮನುಷ್ಯ ಅಪ್ಪಟ ಕಪ್ಪು ಆಕೃತಿ. ಬಲೂನು ಮಾರುವವನ ನೆರಳು ಕಟ್ಟಡದಷ್ಟು ಎತ್ತರಕ್ಕೆ ಬೆಳೆಯುವುದೂ ಸರಳ ಲೆಕ್ಕವೇ: ದೀಪ ತಗ್ಗಿನಲ್ಲಿ, ಆಳು ದೀಪದ ಹತ್ತಿರ, ಗೋಡೆ ದೂರ.

ನಟ ಆರ್ಸನ್ ವೆಲ್ಸ್ ಮೊದಲ ಬಾರಿ ಕಾಣಿಸುವುದು ಚಿತ್ರ ಶುರುವಾಗಿ ಒಂದು ಗಂಟೆಯಾದ ಮೇಲೆ. ಬಾಗಿಲ ಕತ್ತಲಲ್ಲಿ ಬರೀ ಬೂಟು, ಅದರ ಬಳಿ ಬೆಕ್ಕು. ಎದುರುಮನೆಯ ಕಿಟಕಿಯಲ್ಲಿ ದೀಪ ಹತ್ತಿದಾಗ ಮುಖವಷ್ಟೇ ಬೆಳಗುತ್ತದೆ. ಬೆಳಕು ಎಲ್ಲಿಂದ ಬಂತೆಂಬುದನ್ನು ಕಥೆಯೇ ಹೇಳುವುದರಿಂದ ಇದು ಚಮತ್ಕಾರ ಎನಿಸುವುದೇ ಇಲ್ಲ. ಚಿತ್ರದ ಅತ್ಯುತ್ತಮ ಕ್ಷಣ ಇದೇ.

ಕ್ಯಾಮೆರಾ ವಾಲಿಸಿ ತೆಗೆದ ಓರೆ ಫ್ರೇಮುಗಳ ಬಗ್ಗೆ ತಕರಾರಿದೆ. ಊರಿಗೆ ಹೊಸಬನಾದ ನಾಯಕನಿಗೆ ಯಾರ ಮಾತನ್ನೂ ನಂಬಲಾಗದಾಗ, ಮೆಟ್ಟಿಲುಗಳಲ್ಲಿ ಆ ಓರೆ ಅರ್ಥಪೂರ್ಣ. ಸುಮ್ಮನೆ ಕೂತು ಮಾತಾಡುವ ಕೆಲವು ದೃಶ್ಯಗಳಲ್ಲಿ ಅತಿಯಾಯಿತು. ಚರಂಡಿ ಸುರಂಗದ ಬೆನ್ನಟ್ಟುವಿಕೆಯಲ್ಲಿ ಮಾತ್ರ ಒಂದು ಶಾಟೂ ವ್ಯರ್ಥವಾಗಿಲ್ಲ.

ಟಿವಿಯ ಸೆಟ್ಟಿಂಗ್ ಸರಿಯಿಲ್ಲದಿದ್ದರೆ ಇದೆಲ್ಲ ಹಾಳು. ‘ವಿವಿಡ್’ ಬಿಟ್ಟು ‘ಸಿನಿಮಾ’ ಮೋಡ್ ಇಡಿ, ಚಲನೆಯನ್ನು ಕೃತಕವಾಗಿ ನಯಗೊಳಿಸುವ ‘ಮೋಷನ್ ಸ್ಮೂದಿಂಗ್’ ಆಫ್ ಮಾಡಿ, ಶಾರ್ಪ್‌ನೆಸ್ ತಗ್ಗಿಸಿ. ಇಲ್ಲದಿದ್ದರೆ ಫಿಲ್ಮಿನ ಕಣಗಳು ಕೊಳೆಯಂತೆ ಕಾಣುತ್ತವೆ. ಬ್ರೈಟ್‌ನೆಸ್ ಏರಿಸಿದರೆ ಕಪ್ಪು ಬೂದಿಬಣ್ಣವಾಗುತ್ತದೆ; ಬದಲಿಗೆ ಕೋಣೆಯ ದೀಪ ಆರಿಸಿ. ಫ್ರೇಮಿನ ಅಗಲ-ಎತ್ತರಗಳ ಅನುಪಾತ 1.37:1, ಎರಡೂ ಬದಿಯ ಕಪ್ಪುಪಟ್ಟಿ ಇರಲಿ. ಎಳೆದು ಪರದೆ ತುಂಬಿಸಿದರೆ ಓರೆಯ ಕೋನವೇ ಬದಲಾಗುತ್ತದೆ. ಆರಿಸಿಕೊಳ್ಳಬೇಕಾದದ್ದು 104 ನಿಮಿಷದ ಬ್ರಿಟಿಷ್ ಆವೃತ್ತಿ. ಅಮೆರಿಕದಲ್ಲಿ ಮೊದಲು ಬಿಡುಗಡೆಯಾದ ಆವೃತ್ತಿಯಲ್ಲಿ 11 ನಿಮಿಷ ಕತ್ತರಿಸಿದ್ದಾರೆ.