ಬರ್ಮಿಂಗ್‌ಹ್ಯಾಮ್ ರೈಫಲ್ಲೋ, ಇಶಾಪುರದ್ದೋ?

ತೀರ್ಥಹಳ್ಳಿಯ ಗೆಳೆಯರೊಬ್ಬರಿಗೆ ಎರಡು ಹಳೆಯ ರೈಫಲ್‌ಗಳು ಮಾರಾಟಕ್ಕೆ ಬಂದಿವೆ: ಒಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನದು, ಇನ್ನೊಂದು ಪಶ್ಚಿಮ ಬಂಗಾಳದ ಇಶಾಪುರದ ಸರ್ಕಾರಿ ಕಾರ್ಖಾನೆಯ .315 (ಇಂಚಿನಲ್ಲಿ ನಳಿಗೆಯ ಅಳತೆ). ಯಾವುದನ್ನು ಕೊಳ್ಳಲಿ ಎಂದು ಕೇಳಿದ್ದಾರೆ.

ಗುರುತಿಸಲು ಮೊದಲನೆಯದೇ ಸುಲಭ. ನಳಿಗೆಯ ಬುಡದಲ್ಲಿ ಕಿರೀಟದ ಕೆಳಗೆ ಬಿ.ಪಿ., ಬಿ.ವಿ. ಅಕ್ಷರಗಳಿದ್ದರೆ ಅದು ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಮುದ್ರೆ, ಅಂದರೆ ನಳಿಗೆ ಮದ್ದಿನ ಒತ್ತಡ ತಾಳುತ್ತದೆಂದು ಪರೀಕ್ಷಿಸಿ ಒತ್ತಿದ ಗುರುತು. ಎನ್.ಪಿ. ಎಂದಿದ್ದರೆ ಹಳೆಯ ಕಪ್ಪು ಮದ್ದಿಗಷ್ಟೇ ಅಲ್ಲ, ಹೊಗೆರಹಿತ ಮದ್ದಿಗೂ ಪರೀಕ್ಷಿಸಲಾಗಿದೆ.

ಬೆಲೆ ನಿಂತಿರುವುದು ಮೂಲರೂಪದ ಮೇಲೆ. ಮಲೆನಾಡಿನ ಮಳೆಗಾಲ ಉಕ್ಕನ್ನು ತಿನ್ನುತ್ತದೆ. ತುಕ್ಕು ಹಿಡಿಯಿತೆಂದು ಯಾರೋ ಮರಳು ಕಾಗದದಿಂದ ಉಜ್ಜಿ ಹೊಸ ಬಣ್ಣ ಕಟ್ಟಿಸಿರುತ್ತಾರೆ. ಮುದ್ರೆ ಸವೆದು ಅಕ್ಷರಗಳು ಮಸುಕಾಗಿದ್ದರೆ ಸಂಗ್ರಾಹಕರ ಬೆಲೆ ಕೊಡಬೇಡಿ. ಮಾಸಿದ ಮೂಲಬಣ್ಣವೇ ನನಗೆ ಹೆಚ್ಚು ಪ್ರಿಯ. ತಿರುಪುಗಳ ತಲೆ ಕಿತ್ತುಹೋಗಿದೆಯೇ, ನಳಿಗೆಯೊಳಗೆ ಗುಳಿ ಬಿದ್ದಿದೆಯೇ, ಎರಡರಲ್ಲೂ ನೋಡಿ.

ತೋಟಾ ವಿಷಯದಲ್ಲಿ ಇಶಾಪುರದ್ದೇ ಮೇಲು. ಅದರ ತೋಟಾ ದೇಶದಲ್ಲೇ ತಯಾರಾಗುತ್ತದೆ, ಹಳೆಯ ಇಂಗ್ಲಿಷ್ ಅಳತೆಯವು ಸಿಗುವುದು ಕಷ್ಟ.

ಗುರಿ ಅಭ್ಯಾಸಕ್ಕಾದರೆ .315 ಕೊಳ್ಳಿ. ಕಾಪಿಟ್ಟು ಮೊಮ್ಮಕ್ಕಳಿಗೆ ಕೊಡುವ ಆಸೆಯಿದ್ದರೆ ಮುದ್ರೆ ಅಳಿಯದ ಇಂಗ್ಲಿಷ್ ರೈಫಲ್ಲಿಗೆ ಹಣ ಹಾಕಬಹುದು. ಬೇಟೆಗೆಂದು ಎರಡೂ ಬೇಡ, 1972ರ ವನ್ಯಜೀವಿ ಕಾಯ್ದೆ ಅದಕ್ಕೆ ಅವಕಾಶ ಕೊಡುವುದಿಲ್ಲ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಒಬ್ಬರ ಪರವಾನಗಿಯಲ್ಲಿ ಎರಡೇ ಬಂದೂಕು. ಮುಂಗಡ ಕೊಡುವ ಮುನ್ನ ಮಾರುವವರ ಪರವಾನಗಿಯಲ್ಲಿರುವ ಸಂಖ್ಯೆಯನ್ನು ರೈಫಲ್ಲಿನ ಮೇಲಿನ ಸಂಖ್ಯೆಯೊಡನೆ ಹೋಲಿಸಿ.