ಎಂಎ ಎಕನಾಮಿಕ್ಸ್‌ನಲ್ಲಿ ಫಿಲಾಸಫಿ ಪೇಪರ್ ತಗೋಬೇಕಾ? ತಗೊಂಡವಳ ರಿವ್ಯೂ

ಮೂರನೇ ಸೆಮಿಸ್ಟರ್ ಆಪ್ಷನಲ್ ಫಾರ್ಮ್ ತುಂಬೋ ಟೈಮ್ ಬಂತು, ಜೂನಿಯರ್ಸ್ ಒಬ್ಬೊಬ್ಬರೇ ಮೆಸೇಜ್ ಮಾಡ್ತಿದಾರೆ, ಅಕ್ಕ ಆ ಫಿಲಾಸಫಿ ಪೇಪರ್ ತಗೋಬೋದಾ, ಅರ್ಥ ಆಗುತ್ತಾ, ಮಾರ್ಕ್ಸ್ ಬರುತ್ತಾ ಅಂತ. ಎಲ್ಲರಿಗೂ ಬೇರೆ ಬೇರೆ ಉತ್ತರ ಬರೆಯೋ ಬದ್ಲು ಇಲ್ಲೇ ಒಂದ್ಸಲ ಪೂರ್ತಿ ಬರೀತೀನಿ. ನಾನು ಓದಿದ್ದು ನಮ್ಮ ರಾಜ್ಯದ ಒಂದು ಸರ್ಕಾರಿ ಯೂನಿವರ್ಸಿಟೀಲಿ, ಹೆಸರು ಬೇಡ, ದೂರುಗಳೂ ಇರೋದ್ರಿಂದ. ಪೇಪರ್ ಹೆಸ್ರು ಅರ್ಥಶಾಸ್ತ್ರದ ತತ್ವಶಾಸ್ತ್ರ ಮತ್ತು ಅಧ್ಯಯನ ವಿಧಾನ, ನಾಲ್ಕು ಕ್ರೆಡಿಟ್, ವಾರಕ್ಕೆ ನಾಲ್ಕು ಕ್ಲಾಸ್. ನಮ್ಮ ಬ್ಯಾಚಲ್ಲಿ ತಗೊಂಡಿದ್ದು ಏಳೇ ಜನ. ನಾನು ಐದಕ್ಕೆ ನಾಲ್ಕು ಕೊಡ್ತೀನಿ.

ಮೊದಲು ಒಂದು ಕ್ಲಿಯರ್ ಮಾಡ್ಬಿಡ್ತೀನಿ. ಇದು ಶಂಕರ, ಬಸವಣ್ಣ, ಪ್ಲೇಟೋ ಓದೋ ಪೇಪರ್ ಅಲ್ಲ, ತುಂಬಾ ಜನ ಹಾಗೆ ಅಂದ್ಕೊಂಡು ಹೆದರ್ತಾರೆ. ನಾವು ಬಿಎ ಮೊದಲನೇ ವರ್ಷದಿಂದ ಮಾಡ್ಕೊಂಡ್ ಬಂದಿರೋದನ್ನೇ, ಅಂದ್ರೆ ಡಿಮ್ಯಾಂಡ್ ಕರ್ವ್, ಜಿಡಿಪಿ, ಬಡತನ ರೇಖೆ, ರಿಗ್ರೆಶನ್, ಇವನ್ನೇ ಹಿಡ್ಕೊಂಡು ಇದು ನಿಮಗೆ ಹೇಗೆ ಗೊತ್ತಾಯ್ತು, ಇದನ್ನ ನಿಜ ಅಂತ ಯಾಕೆ ಒಪ್ಕೊಂಡ್ರಿ, ಇದ್ರೊಳಗೆ ಯಾರ ತೀರ್ಮಾನ ಕೂತಿದೆ ಅಂತ ಕೇಳೋ ಪೇಪರ್. ಐದು ವರ್ಷ ಎಕನಾಮಿಕ್ಸ್ ಓದಿ ಈ ಪ್ರಶ್ನೆ ನನಗೆ ಒಂದ್ಸಲಾನೂ ಯಾರೂ ಕೇಳಿರ್ಲಿಲ್ಲ, ನಾನೂ ಕೇಳ್ಕೊಂಡಿರ್ಲಿಲ್ಲ.

ಮೊದಲ ಮೂರು ವಾರ ಹೋಗಿದ್ದು ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್ಮನ್ 1953ರಲ್ಲಿ ಬರೆದ ಒಂದೇ ಒಂದು ಪ್ರಬಂಧದ ಮೇಲೆ. ಸಿದ್ಧಾಂತದ ಗೃಹೀತಗಳು, ಅಂದ್ರೆ ನಿಜ ಅಂತ ಇಟ್ಕೊಂಡು ಶುರು ಮಾಡೋ ಮಾತುಗಳು, ವಾಸ್ತವಕ್ಕೆ ಹತ್ರ ಇವೆಯಾ ಅಂತ ನೋಡ್ಬೇಡಿ, ಅದು ಹೇಳೋ ಭವಿಷ್ಯ ಸರಿ ಬರುತ್ತಾ ನೋಡಿ ಅನ್ನೋದು ಅವರ ವಾದ. ಇದಕ್ಕೆ ಹಿನ್ನೆಲೆ ಏನಂದ್ರೆ 1939ರಲ್ಲೇ ಆಕ್ಸ್‌ಫರ್ಡ್‌ನ ಹಾಲ್ ಮತ್ತೆ ಹಿಚ್ ಅನ್ನೋ ಇಬ್ರು ಉದ್ಯಮಿಗಳ ಹತ್ರ ಹೋಗಿ ನೀವು ಬೆಲೆ ಹೇಗೆ ಇಡ್ತೀರಿ ಅಂತ ಕೇಳಿದ್ರು, ಅವರಲ್ಲಿ ಹೆಚ್ಚಿನೋರು ನಮ್ಮ ಪುಸ್ತಕ ಹೇಳೋ ಹಾಗೆ ಮಾರ್ಜಿನಲ್ ಕಾಸ್ಟ್ ಮಾರ್ಜಿನಲ್ ರೆವಿನ್ಯೂ (ಇನ್ನೊಂದು ಸಾಮಾನು ಮಾಡೋಕೆ ತಗಲೋ ಖರ್ಚು, ಅದನ್ನ ಮಾರಿದ್ರೆ ಬರೋ ಆದಾಯ) ಅಂತೇನೂ ನೋಡ್ತಾ ಇರ್ಲಿಲ್ಲ, ಒಟ್ಟು ಖರ್ಚಿನ ಮೇಲೆ ಇಷ್ಟು ಅಂತ ಸೇರಿಸಿ ಬೆಲೆ ಇಡ್ತಿದ್ರು. ಮೇಡಮ್ ನಮಗೂ ಅದೇ ಹೋಮ್‌ವರ್ಕ್ ಕೊಟ್ರು. ನಾನು ನಮ್ಮೂರಿನ ದಿನಸಿ ಅಂಗಡಿ ಅಣ್ಣನ್ನ ಕೇಳಿದೆ, ಅವರು ಹೇಳಿದ್ದು ಹೆಚ್ಚುಕಮ್ಮಿ ಅದೇ: ತಂದ ರೇಟಿಗೆ ಬಾಡಿಗೆ ಲಗೇಜು ಸೇರಿಸಿ, ಮೇಲೆ ಒಂದಿಷ್ಟು ಇಟ್ಟು, ಪಕ್ಕದ ಅಂಗಡೀಲಿ ಎಷ್ಟಿದೆ ನೋಡ್ಕೊಂಡು ಮಾರ್ತೀನಿ ಕಣಮ್ಮ ಅಂತ.

ಹಾಗಾದ್ರೆ ನಾವು ಓದಿದ್ದೆಲ್ಲ ಸುಳ್ಳಾ? ಫ್ರೀಡ್ಮನ್ ಉತ್ತರ, ಅಲ್ಲ. ಮರದ ಎಲೆಗಳು ಪ್ರತಿಯೊಂದೂ ಹೆಚ್ಚು ಬಿಸಿಲು ಸಿಗೋ ಜಾಗ ಲೆಕ್ಕ ಹಾಕಿ ಕೂತಂತೆ ಹರಡ್ಕೊಂಡಿರ್ತವೆ, ಎಲೆಗೆ ಲೆಕ್ಕ ಬರಬೇಕಾಗಿಲ್ಲ, ನಮ್ಮ ಊಹೆ ಸರಿ ಬಂದ್ರೆ ಸಾಕು. ಇಲ್ಲಿ ಮೇಡಮ್ ಬೋರ್ಡ್ ಮೇಲೆ ಎರಡು ವಾಕ್ಯ ಬರೆದ್ರು. ಎಲೆಗಳು ಲೆಕ್ಕ ಹಾಕಿದಂತೆ ಇರ್ತವೆ. ಎಲೆಗಳು ಲೆಕ್ಕ ಹಾಕ್ತವಂತೆ. ಎರಡರಲ್ಲೂ ಅಂತೆ ಇದೆ, ಮೊದಲನೇದು ಹೋಲಿಕೆ, ಎರಡನೇದು ಯಾರೋ ಹೇಳಿದ ಸುದ್ದಿ. ಫ್ರೀಡ್ಮನ್ ಹೇಳಿದ್ದು ಮೊದಲನೇ ಅಂತೆ, ನಾವು ಪರೀಕ್ಷೇಲಿ ಬರೆಯೋದು ಎರಡನೇ ಅಂತೆ ಅಂದ್ರು. ಕನ್ನಡ ಮೀಡಿಯಮ್‌ನಿಂದ ಬಂದ ನಂಗೆ ಆ ಒಂದು ಕ್ಲಾಸ್ ಇಡೀ ಕೋರ್ಸಿನ ಬಾಗಿಲು ತೆಗೆದುಕೊಡ್ತು, ಯಾಕಂದ್ರೆ ಆ ಇಂಗ್ಲಿಷ್ ಪ್ರಬಂಧ ಮೂರು ಸಲ ಓದಿದ್ರೂ ನಂಗೆ ಆ ವ್ಯತ್ಯಾಸ ಸಿಕ್ಕಿರ್ಲಿಲ್ಲ.

ಅದಾದ್ಮೇಲೆ ಫ್ರೀಡ್ಮನ್‌ಗೆ ಬಂದ ಟೀಕೆಗಳು. ತತ್ವಜ್ಞಾನಿ ಅಲನ್ ಮಸ್‌ಗ್ರೇವ್ 1981ರಲ್ಲಿ ಗೃಹೀತ ಅನ್ನೋದು ಒಂದೇ ಥರ ಇರಲ್ಲ ಅಂತ ಬಿಡಿಸಿ ಹೇಳಿದ್ರು. ಸರ್ಕಾರ ಇಲ್ಲ ಅಂತ ಇಟ್ಕೊಳ್ಳಿ ಅಂದಾಗ, ಸರ್ಕಾರದ ಪ್ರಭಾವ ಇಲ್ಲಿ ಲೆಕ್ಕಕ್ಕಿಲ್ಲ ಅಂತಿದೀರಾ, ಸರ್ಕಾರ ಇಲ್ಲದ ಕಡೆ ಮಾತ್ರ ಈ ಮಾತು ಹೊಂದುತ್ತೆ ಅಂತಿದೀರಾ, ಇಲ್ಲಾ ಸದ್ಯಕ್ಕೆ ಬಿಟ್ಟು ಶುರು ಮಾಡಿ ಆಮೇಲೆ ಸೇರಿಸ್ಕೋತೀನಿ ಅಂತಿದೀರಾ? ಮೂರೂ ಬೇರೆ ಬೇರೆ ಮಾತು. ನಂತರ ಡೇನಿಯಲ್ ಹೌಸ್‌ಮನ್ ಅವರ ಸೆಕೆಂಡ್ ಹ್ಯಾಂಡ್ ಕಾರಿನ ಉದಾಹರಣೆ: ಗಾಡಿ ಚೆನ್ನಾಗಿ ಓಡ್ಬೇಕು ಅಷ್ಟೇ ತಾನೇ, ಹಾಗಂತ ಒಂದು ರೌಂಡ್ ಓಡಿಸಿ ದುಡ್ಡು ಕೊಟ್ಟು ಬರ್ತೀವಾ, ಬಾನೆಟ್ ಎತ್ತಿ ತೋರಿಸಿ ಅಂತೀವಿ, ಯಾಕಂದ್ರೆ ನಾಳೆ ಬೇರೆ ರಸ್ತೇಲಿ, ಬೇರೆ ಲೋಡ್ ಹಾಕಿದಾಗ ಏನಾಗುತ್ತೆ ಅಂತ ಗೊತ್ತಾಗ್ಬೇಕು. ಇದನ್ನ ಓದಿದ್ಮೇಲೆ ಯಾವ ಮಾಡೆಲ್ ನೋಡಿದ್ರೂ ಅದರ ಬಾನೆಟ್ ಎತ್ತೋ ಅಭ್ಯಾಸ ನಂಗೆ ಬಂದ್ಬಿಡ್ತು, ಮ್ಯಾಕ್ರೋ ಕ್ಲಾಸಲ್ಲೂ.

ಆದ್ರೆ ನಿಜವಾಗ್ಲೂ ಈ ಪೇಪರ್ ಬೆಲೆ ಗೊತ್ತಾಗಿದ್ದು ಬಡತನ ರೇಖೆ ಯೂನಿಟ್‌ನಲ್ಲಿ. ಕಾಂಪಿಟಿಟಿವ್ ಎಕ್ಸಾಮ್‌ಗೆ ನಾವೆಲ್ಲ ಉರು ಹೊಡೆದಿರ್ತೀವಿ, ಯಾರನ್ನ ಬಡವರು ಅಂತ ಲೆಕ್ಕ ಹಾಕ್ಬೇಕು ಅಂತ ಹೇಳಿದ ತೆಂಡೂಲ್ಕರ್ ಸಮಿತಿ 2009, ರಂಗರಾಜನ್ ಸಮಿತಿ 2014. ಎರಡನ್ನೂ ಒಂದೇ ವರ್ಷಕ್ಕೆ, 2011-12ಕ್ಕೆ ಇಟ್ಟು ನೋಡಿ. ತೆಂಡೂಲ್ಕರ್ ವಿಧಾನದಲ್ಲಿ ರೇಖೆ ಹಳ್ಳೀಲಿ ತಲೆಗೆ ತಿಂಗಳಿಗೆ 816 ರೂಪಾಯಿ ಖರ್ಚು, ಪೇಟೇಲಿ 1000, ಅದಕ್ಕಿಂತ ಕಮ್ಮಿ ಇದ್ರೆ ಬಡವರು, ದೇಶದಲ್ಲಿ ಬಡವರು 21.9 ಪರ್ಸೆಂಟ್. ರಂಗರಾಜನ್ ವಿಧಾನದಲ್ಲಿ 972 ಮತ್ತೆ 1407, ಬಡವರು 29.5 ಪರ್ಸೆಂಟ್. ಅದೇ ದೇಶ, ಅದೇ ವರ್ಷ, ನಡುವೆ ಒಂಬತ್ತು ಕೋಟಿಗೂ ಹೆಚ್ಚು ಜನರ ವ್ಯತ್ಯಾಸ. ಒಬ್ಬರು ತಪ್ಪು ಲೆಕ್ಕ ಮಾಡಿದ್ರು ಅಂತಲ್ಲ, ಇಬ್ಬರ ಲೆಕ್ಕಾನೂ ಸರಿ. ವ್ಯತ್ಯಾಸ ಇರೋದು ಮನುಷ್ಯನಿಗೆ ಏನು ಬೇಕು ಅನ್ನೋ ತೀರ್ಮಾನದಲ್ಲಿ. ಹಳೇ ರೇಖೆ ಹಳ್ಳಿಗೆ 2400 ಕ್ಯಾಲೊರಿ, ಪೇಟೆಗೆ 2100 ಅಂತ ಹಿಡ್ಕೊಂಡಿತ್ತು, ತೆಂಡೂಲ್ಕರ್ ಸಮಿತಿ ಕ್ಯಾಲೊರಿಗೆ ಕಟ್ಟಿಹಾಕೋದನ್ನ ಬಿಡ್ತು, ರಂಗರಾಜನ್ ಸಮಿತಿ ಮತ್ತೆ ಕ್ಯಾಲೊರಿ ತಂದು ಜೊತೆಗೆ ಪ್ರೋಟೀನ್ ಕೊಬ್ಬು ಎಲ್ಲಾ ಸೇರಿಸ್ತು.

ಇಷ್ಟೇ ಅಲ್ಲ, ಪ್ರಶ್ನೆ ಕೇಳೋ ರೀತೀಲೂ ಬಡವರ ಸಂಖ್ಯೆ ಬದಲಾಗುತ್ತೆ. 1999-2000ದ ಎನ್‌ಎಸ್‌ಎಸ್ ಸರ್ವೆಯಲ್ಲಿ (ಮನೆ ಖರ್ಚು ಕೇಳೋ ಸರ್ಕಾರಿ ಸಮೀಕ್ಷೆ) ಊಟದ ಖರ್ಚನ್ನ ಏಳು ದಿನಕ್ಕೂ ಮೂವತ್ತು ದಿನಕ್ಕೂ ಒಟ್ಟಿಗೆ ಕೇಳಿದ್ದಕ್ಕೆ ದೊಡ್ಡ ವಿವಾದವೇ ಆಯ್ತು, ಹಳೇ ಸರ್ವೆಗಳ ಜೊತೆ ಹೋಲಿಸೋಕಾಗುತ್ತಾ ಇಲ್ವಾ ಅಂತ. ಮೇಡಮ್ ಕ್ಲಾಸಲ್ಲೇ ನಮ್ಮ ಕೈಲಿ ಮಾಡಿಸಿದ್ರು, ಹೋದ ಮೂವತ್ತು ದಿನ ಕ್ಯಾಂಟೀನಲ್ಲಿ ಎಷ್ಟು ಖರ್ಚು ಮಾಡಿದ್ರಿ ಬರೀರಿ, ಈಗ ಹೋದ ಏಳು ದಿನದ್ದು ಬರೆದು ತಿಂಗಳಿಗೆ ಗುಣಿಸಿ. ಏಳರಲ್ಲಿ ಆರು ಜನಕ್ಕೆ ಎರಡನೇದೇ ಜಾಸ್ತಿ ಬಂತು. ಕಾಗದ ಹಿಡ್ಕೊಂಡು ನಾವೆಲ್ಲ ಸುಮ್ನೆ ಕೂತ್ಬಿಟ್ವಿ. ಅರ್ಥಶಾಸ್ತ್ರಜ್ಞ ಲಯನೆಲ್ ರಾಬಿನ್ಸ್ 1932ರಲ್ಲಿ ಮೌಲ್ಯಗಳ ಮಾತು, ಅಂದ್ರೆ ಹೇಗಿರಬೇಕು ಅನ್ನೋ ಮಾತು, ಅರ್ಥಶಾಸ್ತ್ರದ ಹೊರಗಿರಲಿ ಅಂದಿದ್ರು, ತತ್ವಜ್ಞಾನಿ ಹಿಲರಿ ಪಟ್ನಮ್ ಥರದೋರು ವಾಸ್ತವಾನೂ ಮೌಲ್ಯಾನೂ ಹಾಗೆ ಬೇರ್ಪಡಿಸೋಕೆ ಆಗಲ್ಲ ಅಂದ್ರು. ಬಡತನ ಅನ್ನೋ ಪದಾನೇ ತಗೊಳ್ಳಿ, ಹೇಳುವಾಗ್ಲೇ ಅದು ಹೀಗಿರಬಾರದಿತ್ತು ಅನ್ನೋದೂ ಜೊತೇಲೇ ಬರುತ್ತೆ. ನಾನು ಪಟ್ನಮ್ ಕಡೆ.

ಆರ್‌ಸಿಟಿ, ಅಂದ್ರೆ ಚೀಟಿ ಎತ್ತಿದ ಹಾಗೆ ಆರಿಸಿ ಕೆಲವರಿಗೆ ಯೋಜನೆ ಕೊಟ್ಟು ಕೆಲವರಿಗೆ ಕೊಡದೆ ಫಲ ಹೋಲಿಸೋ ಪ್ರಯೋಗ, ಅದರ ಬಗ್ಗೆನೂ ಒಂದು ಯೂನಿಟ್ ಇದೆ, 2019ರಲ್ಲಿ ಬ್ಯಾನರ್ಜಿ, ಡುಫ್ಲೋ, ಕ್ರೇಮರ್ ಅವರಿಗೆ ನೊಬೆಲ್ ಬಂತಲ್ಲ ಅದೇ. ಇಲ್ಲಿ ತತ್ವಜ್ಞಾನಿ ನ್ಯಾನ್ಸಿ ಕಾರ್ಟ್‌ರೈಟ್ ಹೇಳೋ ಒಂದು ಕೇಸ್ ಮರೆಯೋಕಾಗಲ್ಲ. ತಮಿಳುನಾಡಲ್ಲಿ ತಾಯಂದಿರಿಗೆ ಪೌಷ್ಟಿಕ ಆಹಾರದ ತಿಳುವಳಿಕೆ ಮತ್ತೆ ಮಕ್ಕಳಿಗೆ ಪೂರಕ ಆಹಾರ ಕೊಡೋ ಯೋಜನೆ ಕೆಲಸ ಮಾಡ್ತು, ಅದೇ ಥರದ್ದು ಬಾಂಗ್ಲಾದೇಶದಲ್ಲಿ ಮಾಡಿದ್ರೆ ಅಂದ್ಕೊಂಡ ಫಲ ಬರ್ಲಿಲ್ಲ. ಅಲ್ಲಿ ಸಂತೆಗೆ ಹೋಗಿ ಸಾಮಾನು ತರೋನು ಗಂಡ, ಅಡುಗೆಮನೇಲಿ ಯಾರಿಗೆ ಎಷ್ಟು ಅಂತ ಬಡಿಸೋಳು ಅತ್ತೆ, ತಿಳುವಳಿಕೆ ಕೊಟ್ಟಿದ್ದು ಸೊಸೆಗೆ. ಅಲ್ಲಿ ನಡೀತು ಅನ್ನೋದೂ ಇಲ್ಲಿ ನಡೆಯುತ್ತೆ ಅನ್ನೋದೂ ಬೇರೆ ಬೇರೆ, ಎರಡನೇದಕ್ಕೆ ಬೇರೆ ಸಾಕ್ಷಿ ಬೇಕು. ಅತ್ತೆ ಇರೋ ಮನೇಲಿ ಬೆಳೆದ ಯಾರಿಗಾದ್ರೂ ಇದು ಒಂದೇ ಸಲಕ್ಕೆ ಅರ್ಥ ಆಗುತ್ತೆ.

ಈಗ ದೂರು. ವಿಜ್ಞಾನ ಹೇಗೆ ಬೆಳೆಯುತ್ತೆ ಅಂತ ಬರೆದ ತತ್ವಜ್ಞಾನಿಗಳು ಪಾಪ್ಪರ್, ಕೂನ್, ಲಕಟೋಸ್ ಇವರ ಯೂನಿಟ್ ಬೇರೆ ಸರ್ ತಗೊಂಡಿದ್ರು, ಐದು ವಾರ ಹಿಡೀತು, ಉದಾಹರಣೆ ಎಲ್ಲಾ ಫಿಸಿಕ್ಸಿಂದೇ, ಪಿಯುಸಿಲಿ ಆರ್ಟ್ಸ್ ಓದಿದ ನಮಗೆ ಒಂದೂ ಹತ್ತಿರ ಬರ್ಲಿಲ್ಲ, ಎಕನಾಮಿಕ್ಸಿಗೆ ಇದು ಹೇಗೆ ಹೊಂದುತ್ತೆ ಅಂತ ಕೇಳಿದ್ರೆ ಸಿಲಬಸಲ್ಲಿ ಅಷ್ಟೇ ಇರೋದು ಅಂದ್ರು. ಎರಡನೇದು ಪರೀಕ್ಷೆ. ಕ್ಲಾಸಲ್ಲಿ ಅಷ್ಟು ಯೋಚನೆ ಮಾಡಿಸಿ ಕೊನೇಗೆ ಪ್ರಶ್ನೆ ಪತ್ರಿಕೇಲಿ ಫಾಲ್ಸಿಫಿಕೇಶನ್ (ಸಿದ್ಧಾಂತ ಸುಳ್ಳು ಅಂತ ತೋರಿಸೋಕೆ ದಾರಿ ಇರಬೇಕು ಅನ್ನೋ ಪಾಪ್ಪರ್ ಮಾತು) ಬಗ್ಗೆ ಟಿಪ್ಪಣಿ ಬರೀರಿ ಅಂತ ಬಂದ್ರೆ ಹೊಟ್ಟೆ ಉರಿಯುತ್ತೆ. ಮೂರನೇದು, ನಂಗೆ ತುಂಬಾ ಬೇಜಾರಾಗಿದ್ದು, ಕನ್ನಡದಲ್ಲಿ ಪರೀಕ್ಷೆ ಬರೆಯೋಕೆ ಅವಕಾಶ ಇದೆ ಆದ್ರೆ ಓದೋಕೆ ಕನ್ನಡದಲ್ಲಿ ಒಂದು ಪುಟಾನೂ ಕೊಡ್ಲಿಲ್ಲ. ಗೃಹೀತ, ಮೌಲ್ಯನಿರ್ಣಯ, ಕಾರ್ಯಕಾರಣ, ಹೀಗೆ ಪದಗಳ ಪಟ್ಟಿ ನಾವು ಏಳು ಜನಾನೇ ನೋಟ್‌ಬುಕ್ ಹಿಂದೆ ಮಾಡ್ಕೊಂಡ್ವಿ. ಮೇಡಮ್ ಕ್ಲಾಸಲ್ಲಿ ಕನ್ನಡದಲ್ಲಿ ವಿವರಿಸದೇ ಇದ್ದಿದ್ರೆ ನಮ್ಮಲ್ಲಿ ನಾಲ್ಕು ಜನ ಎರಡನೇ ವಾರಕ್ಕೇ ಬಿಟ್ಟು ಹೋಗ್ತಿದ್ರು. ಇಂಗ್ಲಿಷ್ ಬಾರದೇ ಇರೋದೂ ಯೋಚನೆ ಬಾರದೇ ಇರೋದೂ ಒಂದೇ ಅಲ್ಲ, ವಿಭಾಗದೋರು ಇದನ್ನ ಸೀರಿಯಸ್ಸಾಗಿ ತಗೋಬೇಕು. ಐದರಲ್ಲಿ ಒಂದು ಕಮ್ಮಿ ಮಾಡಿದ್ದು ಇವಕ್ಕೇ.

ಇನ್ನೊಂದು, ಈ ಪೇಪರ್ ಮೂರನೇ ಸೆಮಿಸ್ಟರ್‌ಗೆ ಬದಲು ಎರಡನೇದಕ್ಕೆ ಇಡಬೇಕಿತ್ತು. ಯಾಕೆ ಅಂತ ನನ್ನ ಡಿಸರ್ಟೇಶನ್ (ಎಂಎ ಪ್ರಬಂಧ) ಕಥೆ ಹೇಳಿದ್ರೆ ಗೊತ್ತಾಗುತ್ತೆ. ನಾನು ತಗೊಂಡ ವಿಷಯ ಮಂಡ್ಯ ಕಡೆ ಹೈನು ಮನೆಗಳಲ್ಲಿ ಹೆಂಗಸರ ದುಡಿಮೆ. ಪ್ರಶ್ನಾವಳಿ ರೆಡಿ ಆಗಿತ್ತು, ಮೊದಲ ಪ್ರಶ್ನೆ ನೀವು ಏನು ಕೆಲಸ ಮಾಡ್ತೀರಿ. ಟ್ರಯಲ್‌ಗೆ ಅಂತ ನಮ್ಮ ಅವ್ವನ್ನೇ ಕೇಳಿದೆ. ಅವ್ವ ಆಗ ಹೊಲದಿಂದ ಹುಲ್ಲಿನ ಹೊರೆ ಹೊತ್ಕೊಂಡು ಬಂದು ಕೊಟ್ಟಿಗೆ ಮುಂದೆ ಇಳಿಸ್ತಾ ಇದ್ಲು. ಏನ್ ಕೆಲ್ಸ ಮಗ, ಏನಿಲ್ಲ, ಮನೇಲೇ ಇರ್ತೀನಿ ಅಂದ್ಲು. ಎರಡು ಸೀಮೆ ಹಸು ಸಾಕಿ ದಿನಾ ಎರಡು ಹೊತ್ತು ಡೈರಿಗೆ ಹಾಲು ಹಾಕೋಳು ಅವಳು. ನಾನು ಅದನ್ನೇ ಬರ್ಕೊಂಡೆ, ಮನೆಕೆಲಸ ಅಂತ.

ಆಮೇಲೆ ಕ್ಲಾಸಲ್ಲಿ ಸರ್ಕಾರಿ ಸರ್ವೆಯ ಕೋಡ್‌ಗಳನ್ನ ಓದಿದ್ವಿ. 92 ಅಂದ್ರೆ ಮನೆಕೆಲಸ ಮಾತ್ರ ಮಾಡೋರು. 93 ಅಂದ್ರೆ ಮನೆಕೆಲಸದ ಜೊತೆ ಮನೆ ಬಳಕೆಗೆ ಸೌದೆ ಸೊಪ್ಪು ಮೇವು ತರೋದು, ಹೊಲಿಯೋದು ಇಂಥಾದ್ದನ್ನ ಮಾಡೋರು. ಎರಡೂ ದುಡಿಯೋರ ಲೆಕ್ಕದಿಂದ ಹೊರಗೆ. 21 ಅಂದ್ರೆ ಮನೆಯ ಉದ್ಯಮದಲ್ಲಿ ಸಂಬಳ ಇಲ್ದೆ ಕೈಜೋಡಿಸೋರು, ಅವರು ದುಡಿಯೋರ ಲೆಕ್ಕದೊಳಗೆ. ಬಿಡಿಸಿ ಬಿಡಿಸಿ ಕೇಳಿದ್ರೆ ಅವ್ವ 21, ಮೊದಲ ಉತ್ತರಕ್ಕೇ ಪೆನ್ ಮುಚ್ಚಿದ್ರೆ 92 ಇಲ್ಲಾ 93. ಹಸು ಅದೇ, ಅವ್ವ ಅವಳೇ. ಜಿಡಿಪಿ ಲೆಕ್ಕದ ಗಡೀನೂ ಹಾಗೇ, ಮನೆಗೆ ಅಂತ ಕರೆದ ಹಾಲು ಉತ್ಪಾದನೆ ಒಳಗೆ, ಅದೇ ಹಾಲನ್ನ ಕಾಯಿಸಿ ಮಗೂಗೆ ಕುಡಿಸೋ ಕೆಲಸ ಹೊರಗೆ. ಜನ ದಿನದ ಹೊತ್ತು ಹೇಗೆ ಕಳೀತಾರೆ ಅಂತ ಕೇಳಿದ 2019ರ ಸರ್ಕಾರಿ ಟೈಮ್ ಯೂಸ್ ಸರ್ವೆ ಪ್ರಕಾರ ಸಂಬಳ ಇಲ್ಲದ ಮನೆಕೆಲಸ ಮಾಡೋರಲ್ಲಿ ಹೆಂಗಸರು ದಿನಕ್ಕೆ 299 ನಿಮಿಷ ಕೊಡ್ತಾರೆ, ಗಂಡಸರು 97. ಈ ಗಡಿ ಯಾರೋ ಕೂತು ಎಳೆದಿದ್ದು, ಅದಕ್ಕೆ ಕಾರಣಗಳೂ ಇವೆ, ಸಂತೇಲಿ ಬೆಲೆ ಇಲ್ಲದ್ದಕ್ಕೆ ಬೆಲೆ ಕಟ್ಟೋದು ಕಷ್ಟ ಅನ್ನೋದು ನಿಜ, ಆದ್ರೆ ಗಡಿ ಎಳೆದಿದಾರೆ ಅನ್ನೋದೇ ನಂಗೆ ಅಲ್ಲೀವರೆಗೂ ಗೊತ್ತಿರ್ಲಿಲ್ಲ.

ಪ್ರಶ್ನಾವಳಿ ಪೂರ್ತಿ ಕಿತ್ತು ಹಾಕಿ ಬೇರೆ ಬರೆದೆ. ಏನು ಕೆಲಸ ಅನ್ನೋದನ್ನ ತೆಗೆದು, ನಿನ್ನೆ ಬೆಳಿಗ್ಗೆ ಎದ್ದಾಗಿಂದ ಮಲಗೋವರೆಗೂ ಏನೇನು ಮಾಡಿದ್ರಿ ಅಂತ ಗಂಟೆ ಗಂಟೆಗೆ ಕೇಳಿದೆ. ಮೊದಲೇ ಮುಗಿಸಿದ್ದ ಹದಿನಾಲ್ಕು ಮನೆಗಳಿಗೆ ಮತ್ತೆ ಹೋಗ್ಬೇಕಾಯ್ತು. ಹಳೇ ಪ್ರಶ್ನೆಗೆ ಏನಿಲ್ಲ ಅಂದಿದ್ದ ಒಂಬತ್ತು ಹೆಂಗಸರೂ ಹೊಸ ಪ್ರಶ್ನೆಗೆ ಹಾಲಿನ ಕೆಲಸಕ್ಕೇ ನಾಲ್ಕು ಗಂಟೆಗಿಂತ ಜಾಸ್ತಿ ಹೇಳಿದ್ರು. ಎರಡನೇ ಸೆಮಿಸ್ಟರಲ್ಲೇ ಈ ಪೇಪರ್ ಇದ್ದಿದ್ರೆ ಆ ಎರಡು ವಾರ ಉಳೀತಿತ್ತು.

ಮಾರ್ಕ್ಸ್ ಕೇಳ್ತೀರಲ್ಲ, ಏಳು ಜನಾನೂ ಪಾಸಾದ್ವಿ, ಬ್ಯಾಂಕಿಂಗ್ ಪೇಪರ್ ತಗೊಂಡೋರಿಗೆ ನಮಗಿಂತ ಚೂರು ಜಾಸ್ತಿ ಬಂತು, ನೆಟ್ ಪರೀಕ್ಷೆಗೆ (ಕಾಲೇಜಲ್ಲಿ ಪಾಠ ಮಾಡೋಕೆ ಬರೆಯೋದು) ನೇರವಾಗಿ ಉಪಯೋಗ ಆಗೋದು ಕಮ್ಮಿ. ಪಿಎಚ್‌ಡಿ ಮಾಡೋರು, ಫೀಲ್ಡ್ ಸರ್ವೆ ಕೆಲಸಕ್ಕೆ ಹೋಗೋರು, ಡೇಟಾ ಜೊತೆ ಕೆಲಸ ಮಾಡೋರು ಕಣ್ಮುಚ್ಚಿ ತಗೊಳ್ಳಿ. ಇದನ್ನೇ ಪೂರ್ತಿ ಡಿಗ್ರಿಯಾಗಿ ಓದ್ಬೇಕು ಅನ್ನೋ ಆಸೆ ಇದ್ರೆ ಲಂಡನ್‌ನ ಎಲ್‌ಎಸ್‌ಇ (ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್), ರಾಟರ್‌ಡ್ಯಾಮ್‌ನ ಇರಾಸ್ಮಸ್ ಯೂನಿವರ್ಸಿಟಿ ಈ ವಿಷಯಕ್ಕೆ ಹೆಸರುವಾಸಿ, ಸ್ಕಾಲರ್‌ಶಿಪ್ ಹುಡುಕಿ ನೋಡಿ.

ಫಾರ್ಮ್ ತುಂಬೋ ಮುಂಚೆ ಫ್ರೀಡ್ಮನ್ ಪ್ರಬಂಧದ ಮೊದಲ ಹತ್ತು ಪುಟ ಓದಿ ನೋಡಿ, ಓದ್ತಾ ಓದ್ತಾ ಜಗಳ ಆಡ್ಬೇಕು ಅನ್ಸಿದ್ರೆ ಈ ಪೇಪರ್ ನಿಮಗೇ. ನನ್ನ ಜೆರಾಕ್ಸ್ ಸೆಟ್ ಮತ್ತೆ ಆ ಕನ್ನಡ ಪದಗಳ ಪಟ್ಟಿ ಹಾಸ್ಟೆಲಲ್ಲಿ ಒಬ್ಬ ಜೂನಿಯರ್ ಹತ್ರ ಕೊಟ್ಟಿದೀನಿ, ಇಸ್ಕೊಂಡು ಕಾಪಿ ಮಾಡ್ಕೊಳ್ಳಿ, ಪಟ್ಟಿಗೆ ನಿಮ್ಮ ಪದಾನೂ ಸೇರಿಸಿ ಮುಂದಿನೋರಿಗೆ ಕೊಡಿ.