ಮಾಂಗಾ ಪ್ಲಸ್, ಶೋನೆನ್ ಜಂಪ್: ಯಾವ ಆ್ಯಪ್‌ಗೆ ದುಡ್ಡು ಕೊಡಬಹುದು?

ಕಳ್ಳ ಸೈಟುಗಳ ಗೊಡವೆಯಿಲ್ಲದೆ ಜಪಾನಿನ ಚಿತ್ರಕಥೆ, ಅಂದರೆ ಮಾಂಗಾ, ಓದಬೇಕೆನ್ನುವವರ ಮುಂದೆ ಮುಖ್ಯವಾಗಿ ಎರಡು ಆ್ಯಪ್‌ಗಳಿವೆ. ಮಾಂಗಾ ಪ್ಲಸ್ ಅನ್ನು ಟೋಕಿಯೋದ ಶುಯೇಶಾ ಪ್ರಕಾಶನವೇ 2019ರ ಜನವರಿಯಿಂದ ನಡೆಸುತ್ತಿದೆ. ಶೋನೆನ್ ಜಂಪ್ ಆ್ಯಪ್ ಅಮೆರಿಕದ ವಿಜ್ ಮೀಡಿಯಾದ್ದು. ಆ ಕಂಪನಿಯಲ್ಲಿ ಶುಯೇಶಾ ಮತ್ತು ಜಪಾನಿನ ಇನ್ನೊಂದು ಪ್ರಕಾಶನ ಶೋಗಾಕುಕಾನ್ ಎರಡಕ್ಕೂ ಪಾಲಿದೆ. ಎರಡು ಆ್ಯಪ್‌ಗಳಲ್ಲೂ ಸಿಗುವ ದೊಡ್ಡ ಕಥೆಗಳು ಹೆಚ್ಚುಕಡಿಮೆ ಅವೇ. ಕನ್ನಡ ಎರಡರಲ್ಲೂ ಇಲ್ಲ. ಮಾಂಗಾ ಪ್ಲಸ್‌ನಲ್ಲಿ ಥಾಯ್, ಇಂಡೊನೇಷ್ಯನ್, ವಿಯೆಟ್ನಾಮೀಸ್ ತನಕ ಭಾಷೆಗಳು ಬಂದಿದ್ದರೂ ಭಾರತದ ಒಂದು ಭಾಷೆಯೂ ಸೇರಿಲ್ಲ, ಹಾಗಾಗಿ ನಮಗೆ ಇಂಗ್ಲಿಷೇ ಗತಿ.

ಮಾಂಗಾ ಪ್ಲಸ್‌ನ ದೊಡ್ಡ ಗುಣ ಸಮಯ. ಇಲ್ಲಿನ ದೊಡ್ಡ ಕಥೆಗಳು ಅಚ್ಚಾಗುವ ಶುಯೇಶಾದ 'ವೀಕ್ಲಿ ಶೋನೆನ್ ಜಂಪ್' ವಾರಪತ್ರಿಕೆ ಜಪಾನಿನಲ್ಲಿ ಸೋಮವಾರಕ್ಕೆ ಬರುತ್ತದೆ. ಅಲ್ಲಿ ಸೋಮವಾರ ಹುಟ್ಟುವ ಮಧ್ಯರಾತ್ರಿ ಎಂದರೆ ನಮಗೆ ಭಾನುವಾರ ರಾತ್ರಿ 8:30. ಆ ಹೊತ್ತಿಗೇ ಇಂಗ್ಲಿಷ್ ಅಧ್ಯಾಯವೂ ಬಂದಿರುತ್ತದೆ. ಹೊಸ ವರ್ಷ, ಮೇ ಮೊದಲ ವಾರ, ಆಗಸ್ಟ್ ನಡುಭಾಗದಲ್ಲಿ ಪತ್ರಿಕೆಗೇ ರಜೆ ಇರುತ್ತದೆ. ಆಗ ಅಧ್ಯಾಯ ಬರಲಿಲ್ಲವೆಂದು ಆ್ಯಪ್ ಅಳಿಸಿ ಮತ್ತೆ ಹಾಕುವುದು ಬೇಡ.

ಬ್ರೌಸರಿನಲ್ಲಿ ಸಾಮಾನ್ಯವಾಗಿ ಮೊದಲ ಮೂರು ಮತ್ತು ಇತ್ತೀಚಿನ ಮೂರು ಅಧ್ಯಾಯಗಳು ಉಚಿತ. ನಡುವಿನವು ಬೇಕಿದ್ದರೆ ಆ್ಯಪ್ ಹಾಕಿಕೊಳ್ಳಬೇಕು: ಈಗ ನಡೆಯುತ್ತಿರುವ ಬಹಳಷ್ಟು ಕಥೆಗಳ ಅಧ್ಯಾಯಗಳನ್ನು ಅಲ್ಲಿ ಒಂದು ಸಲ ಬಿಟ್ಟಿಯಾಗಿ ಓದಬಹುದು. ಎಡವುವುದೂ ಇಲ್ಲೇ. 'ಏನಿದೆ ನೋಡೋಣ' ಎಂದು ತೆರೆದು ಅರ್ಧಕ್ಕೆ ಬಿಟ್ಟರೆ ಆ ಒಂದು ಸಲ ಕಳೆದುಹೋಗಬಹುದು. ಹೊಸ ಕಥೆಯಾದರೆ ಒಂದನೇ ಅಧ್ಯಾಯದಿಂದ ಸಾಲಾಗಿ ಓದಿ, ನಡುನಡುವೆ ಇಣುಕಬೇಡಿ. ಮತ್ತೆ ಮತ್ತೆ ಓದುವ ಆಸೆಯಿದ್ದವರಿಗಾಗಿ 2023ರಲ್ಲಿ ಚಂದಾ ಬಂತು. ಶುರುವಿನ ಅಮೆರಿಕದ ದರ ತಿಂಗಳಿಗೆ 1.99 ಡಾಲರ್ ಮತ್ತು 4.99 ಡಾಲರ್. ಕಡಿಮೆಯದರಲ್ಲಿ ನಡೆಯುತ್ತಿರುವ ಕಥೆಗಳು, ಹೆಚ್ಚಿನದರಲ್ಲಿ ಮುಗಿದ ಕಥೆಗಳೂ ಸೇರುತ್ತವೆ. ಮುಗಿದ ಕಥೆಗಳ ಗೀಳಿಲ್ಲದವರಿಗೆ ಎರಡನೆಯದು ದಂಡ.

ಶೋನೆನ್ ಜಂಪ್‌ನಲ್ಲೂ ಹೊಸ ಮೂರು ಅಧ್ಯಾಯ ಬಿಟ್ಟಿ. ಹಳೆಯ ಕಣಜಕ್ಕೆ ಚಂದಾ ಬೇಕು, ಅದರಲ್ಲೂ ದಿನಕ್ಕೆ 100 ಅಧ್ಯಾಯಗಳ ಮಿತಿ ಇದೆ. ಮಿತಿ ಎಂದು ಗಾಬರಿಯಾಗಬೇಕಿಲ್ಲ. ಸಾವಿರ ಅಧ್ಯಾಯ ದಾಟಿದ 'ಒನ್ ಪೀಸ್' ಓದಲು ಕೂತವರೂ ದಿನಕ್ಕೆ ನೂರು ಮುಗಿಸಿದರೆ ಮರುದಿನ ಕಣ್ಣು ಬಿಡಲಾಗುವುದಿಲ್ಲ. ಚಂದಾದಾರರು ಅಧ್ಯಾಯಗಳನ್ನು ಇಳಿಸಿಕೊಂಡು ನೆಟ್ ಇಲ್ಲದೆಯೂ ಓದಬಹುದು. ಶಿರಾಡಿ ಘಾಟಿಯಲ್ಲಿ ಸಿಗ್ನಲ್ ಹೋಗುವ ರಾತ್ರಿ ಬಸ್ಸಿನವರಿಗೆ ಇದೊಂದೇ ಸಾಕು ಈ ಆ್ಯಪ್ ಆರಿಸಲು. ಕೊರತೆಯೂ ಇದೆ: ಶೋಗಾಕುಕಾನ್‌ನ ಕಥೆಗಳು ಇಲ್ಲಿಲ್ಲ. ಅವಕ್ಕಾಗಿ ವಿಜ್ 2023ರಲ್ಲಿ ಬೇರೆಯೇ ಆ್ಯಪ್ ಮಾಡಿತು, ಬೇರೆಯೇ ಚಂದಾ ಇಟ್ಟಿತು. ಒಡೆಯರು ಕೂಡಿದ್ದಾರೆ, ಬಿಲ್ಲು ಮಾತ್ರ ಕೂಡಿಲ್ಲ.

ಎಲ್ಲ ಪ್ರಕಾಶಕರೂ ಒಂದೇ ಅಂಗಡಿಯಲ್ಲಿ ಸಿಕ್ಕಿದ್ದರೆ ಎನ್ನುವವರು ಜೆ-ಮಾಂಗಾವನ್ನು ನೆನೆಯಬೇಕು. ಜಪಾನಿನ 39 ಪ್ರಕಾಶಕರ ಕೂಟ 2011ರ ಆಗಸ್ಟ್‌ನಲ್ಲಿ ತೆರೆದ ಇಂಗ್ಲಿಷ್ ಮಳಿಗೆ ಅದು. ಕೂಟ ದೊಡ್ಡದು, ಆದರೆ ಜನ ಕೇಳುವ ಎಷ್ಟೋ ಕಥೆಗಳ ಇಂಗ್ಲಿಷ್ ಹಕ್ಕು ಆಗಲೇ ಅಮೆರಿಕದ ಪ್ರಕಾಶಕರ ಕೈಯಲ್ಲಿತ್ತು. ಹಣ ಕೊಟ್ಟು ಪಾಯಿಂಟ್ ಕೊಂಡು, ಪಾಯಿಂಟ್ ಕೊಟ್ಟು ಪುಸ್ತಕ ಕೊಳ್ಳಬೇಕಿತ್ತು. ಕೊಂಡದ್ದನ್ನು ಅವರ ಸರ್ವರಿನಲ್ಲೇ ಓದಬೇಕಿತ್ತು, ಇಳಿಸಿಕೊಳ್ಳುವಂತಿರಲಿಲ್ಲ. 2013ರ ಮೇ ಕೊನೆಯಲ್ಲಿ ಮಳಿಗೆ ಮುಚ್ಚಿದಾಗ ಬಳಸದ ಪಾಯಿಂಟ್‌ಗಳಿಗೆ ಅಮೆಜಾನ್ ಗಿಫ್ಟ್ ಕಾರ್ಡ್ ಬಂತು, ಕೊಂಡ ಪುಸ್ತಕಗಳು ಹೋದವು. ಈಗಿನ ಚಂದಾ ಪದ್ಧತಿ ಅದಕ್ಕಿಂತ ಪ್ರಾಮಾಣಿಕ. ಕೊಡುವುದು ತಿಂಗಳ ಬಾಡಿಗೆ ಎಂಬುದು ಮೊದಲೇ ಗೊತ್ತಿರುತ್ತದೆ. ಕಪಾಟಿನಲ್ಲಿ ಉಳಿಯಬೇಕಾದ ಕಥೆಯಿದ್ದರೆ ಅಚ್ಚಿನ ಸಂಪುಟವನ್ನೇ ಕೊಳ್ಳಿ.

ಪುಟಗಳನ್ನು ಬಲದಿಂದ ಎಡಕ್ಕೆ ಓದಬೇಕು, ಪುಟದೊಳಗಿನ ಚೌಕಟ್ಟುಗಳನ್ನೂ ಹಾಗೆಯೇ. ಎರಡು ಪುಟಕ್ಕೆ ಹರಡಿದ ಚಿತ್ರ ಬಂದಾಗ ಫೋನನ್ನು ಅಡ್ಡ ತಿರುಗಿಸಿ, ಇಲ್ಲದಿದ್ದರೆ ಸಂಭಾಷಣೆಯ ಅಕ್ಷರ ಇರುವೆ ಸಾಲಾಗುತ್ತದೆ. ದಿನಾ ಓದುವವರಿಗೆ ಹತ್ತು ಇಂಚಿನ ಟ್ಯಾಬ್ ಸರಿ.

ವಾರಕ್ಕೆರಡು ಕಥೆ ಹಿಂಬಾಲಿಸುವವರು ಮಾಂಗಾ ಪ್ಲಸ್ ಉಚಿತವಾಗಿಯೇ ಬಳಸಲಿ. ಹಳೆಯ ಕಥೆಗಳನ್ನು ರಾಶಿ ಹಾಕಿಕೊಂಡು ಓದುವವರು ಶೋನೆನ್ ಜಂಪ್‌ಗೆ ಒಂದೆರಡು ತಿಂಗಳು ಕಟ್ಟಿ, ಓದಿ ಮುಗಿಸಿ ನಿಲ್ಲಿಸಲಿ. ನಿಲ್ಲಿಸುವುದೆಂದರೆ ಆ್ಯಪ್ ಅಳಿಸುವುದಲ್ಲ. ಪ್ಲೇ ಸ್ಟೋರಿನಲ್ಲೋ ಆಪಲ್ ಖಾತೆಯಲ್ಲೋ ಚಂದಾಗಳ ಪಟ್ಟಿಗೆ ಹೋಗಿ ರದ್ದು ಮಾಡದಿದ್ದರೆ ಪ್ರತಿ ತಿಂಗಳೂ ಹಣ ಕಡಿತವಾಗುತ್ತಲೇ ಇರುತ್ತದೆ.